ಇಟಲಿಯಲ್ಲೊಂದು ಕುಬಸ

ಇಟಲಿಗೆ ಯಾಕೆ ಹೋಗಿದ್ದಿರಿ ಎಂದು ಕುಂದಗೋಳದಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಎರಡು ಉತ್ತರ ಸಿಗುತ್ತವೆ. ಮಧ್ಯಯುಗದ ಕಲಾನಗರಗಳನ್ನು ನೋಡಲು ಎಂಬುದು ನನ್ನ ಉತ್ತರ. ಕುಬಸಕ್ಕೆ ಎಂಬುದು ನಮ್ಮ ವೈನಿಯ, ಅಂದರೆ ಅತ್ತಿಗೆಯ, ಉತ್ತರ. ಕೇಳಿದವರು ನನ್ನ ಉತ್ತರಕ್ಕೆ ತಲೆಯಾಡಿಸುತ್ತಾರೆ, ವೈನಿಯ ಉತ್ತರಕ್ಕೆ ಕುರ್ಚಿ ಎಳೆದುಕೊಂಡು ಕೂಡುತ್ತಾರೆ. ಎರಡೂ ಉತ್ತರ ನಿಜ. ಆದರೆ ನನ್ನದರಲ್ಲಿ ಅಷ್ಟು ಸತ್ವವಿಲ್ಲ ಎಂಬುದು ನನಗೂ ಗೊತ್ತಾಗಿದೆ.

ಕುಬಸವೆಂದರೆ ಬಸುರಿಗೆ ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಹಸಿರು ರವಿಕೆ ಖಣ, ಹಸಿರು ಬಳೆ ಕೊಟ್ಟು ಉಡಿ ತುಂಬಿ ಹಾಡು ಹೇಳುವ ಶಾಸ್ತ್ರ. ಮೈಸೂರು ಕಡೆಯವರು ಸೀಮಂತ ಎನ್ನುತ್ತಾರೆ. ಇದಕ್ಕೂ ಇಟಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೊರಡುವಾಗ ನಾನೂ ಸಂಬಂಧವಿಲ್ಲವೆಂದೇ ತಿಳಿದಿದ್ದೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಯುರೋಪಿನ ಕಲೆಯ ಪಾಠ ಪ್ರತಿವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬರುತ್ತಿತ್ತು. ಪುಸ್ತಕದಲ್ಲಿ ಅಂಚೆಚೀಟಿಯಷ್ಟು ಅಗಲದ ಕಪ್ಪು ಬಿಳುಪು ಚಿತ್ರವೊಂದಿತ್ತು. ಅದರಲ್ಲಿರುವುದು ಮನುಷ್ಯರೋ ಗುಡ್ಡಗಳೋ ಎಂಬುದು ಆ ವರ್ಷದ ಮುದ್ರಣದ ಮೇಲೆ ನಿಂತಿತ್ತು. ಅದನ್ನೇ ಹಿಡಿದುಕೊಂಡು ನಾನು ವರ್ಣಸಂಯೋಜನೆಯ ಬಗ್ಗೆ ಪೂರ್ತಿ ಒಂದು ಪಿರಿಯಡ್ ಮಾತಾಡುತ್ತಿದ್ದೆ. "ಟೀಚರ್, ನೀವು ನೋಡೀರೇನ್ರಿ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ಇತಿಹಾಸ ನೋಡುವ ವಿಷಯವಲ್ಲ, ತಿಳಿಯುವ ವಿಷಯ ಎಂದು ಹೇಳಿ ಕೂಡಿಸಿದೆ. ಆ ಹುಡುಗಿ ಸಮಾಧಾನಪಟ್ಟಳು. ನಾನು ಪಡಲಿಲ್ಲ. ಹೀಗಾಗಿ ಹುಬ್ಬಳ್ಳಿಯ ಪ್ರವಾಸದವರು ಇಟಲಿಯ ಹಳ್ಳಿಗಾಡಿನ ಹಳೆಯ ಊರುಗಳನ್ನು ತೋರಿಸುತ್ತೇವೆ, ಮಧ್ಯಾಹ್ನಕ್ಕೆ ಅನ್ನ ಸಾರು ಕೊಡುತ್ತೇವೆ ಎಂದು ಜಾಹೀರಾತು ಹಾಕಿದಾಗ ನನಗೂ ಅಣ್ಣನಿಗೂ ಸೇರಿಸಿ ಎರಡು ಸೀಟು ಹಿಡಿದೆ.

ಅಣ್ಣ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದ. ಆ ಊರುಗಳೆಲ್ಲ ಗುಡ್ಡದ ತುದಿಯಲ್ಲಿವೆ ಎಂದು ಯಾರೋ ಅವನಿಗೆ ಹೇಳಿದ್ದರು. "ಮೊಣಕಾಲ ನೋವು ಇಲ್ಲೇ ಅದ, ಅದಕ್ಕ ಇಟಲಿಗೆ ಯಾಕ ಹೋಗಬೇಕು?" ಎಂದ. ಅವನ ಸೀಟು ಅವನ ಹೆಂಡತಿಗೆ, ಅಂದರೆ ನಮ್ಮ ಸುಮಿತ್ರಾ ವೈನಿಗೆ ಬಂತು. ಬಂತು ಎನ್ನುವುದಕ್ಕಿಂತ ಮಗಳು ಪಲ್ಲವಿ ಅವರನ್ನು ಅದರ ಮೇಲೆ ಕೂಡಿಸಿದಳು.

ಪಲ್ಲವಿ ಕಲಘಟಗಿಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಆಗ ಬಸುರಿ, ನಾವು ಹೊರಡುವ ಹೊತ್ತಿಗೆ ಏಳು ತಿಂಗಳು. ಅದಕ್ಕೆ ಹಿಂದಿನ ಸಲ ವೈನಿ ಏಳರಲ್ಲಿ ಮಗಳ ಕುಬಸವನ್ನು ಎಷ್ಟು ಜೋರಾಗಿ ಮಾಡಿದ್ದರೆಂದರೆ ಮಿಶ್ರಿಕೋಟಿ, ದುಮ್ಮವಾಡದ ಬೀಗರ ಬೀಗರೂ ಬಂದು ಉಂಡು ಹೋಗಿದ್ದರು. ಅದಾಗಿ ಕೆಲವೇ ದಿನಗಳಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಹೋಯಿತು. ಡಾಕ್ಟರರು ಕಾರಣ ಹೇಳಿದರು. ಆ ಕಾರಣದಲ್ಲಿ ಕುಬಸದ ಹೆಸರಿರಲಿಲ್ಲ. ಆದರೂ ಈ ಸಲ ಪಲ್ಲವಿ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: ಕೂಸು ಕೈಗೆ ಬರುವ ತನಕ ನನ್ನ ಉಡಿಗೆ ಯಾರೂ ಏನೂ ಹಾಕಬಾರದು, ಹಸಿರು ಬಣ್ಣ ನನ್ನ ಕಣ್ಣಿಗೆ ಬೀಳಬಾರದು. ವೈನಿ ಹೂಂ ಅಂದರು. ಹಾಗೆ ಅಂದವರು ಪ್ರತಿ ಶನಿವಾರ ಕಲಘಟಗಿಗೆ ಹೋಗಿ ಮಗಳೆದುರು ಕೂತು ಆಕೆಯ ಹೊಟ್ಟೆಯನ್ನೇ ನೋಡತೊಡಗಿದರು. ಪಲ್ಲವಿ ನನಗೆ ಫೋನ್ ಮಾಡಿದಳು.

"ಅತ್ಯಾ, ಅವ್ವನ್ನ ಕರಕೊಂಡು ಹೋಗ್ರಿ. ಒಂದು ಹತ್ತು ದಿನ ಕೂಸು, ಬಸಿರು ಎಲ್ಲಾ ಮರತು ಏನರೆ ಬ್ಯಾರೆ ನೋಡಲಿ."

ಮಧ್ಯಯುಗದ ಇಟಲಿಯ ಕಲೆಯ ಬಗ್ಗೆ ಸ್ವಲ್ಪವಾದರೂ ತಿಳಿದವರು ಇಲ್ಲಿ ನನ್ನನ್ನು ತಡೆಯುತ್ತಿದ್ದರು. ಬಾಲ್ಯದಿಂದ ಅದನ್ನೇ ಓದಿ, ಅದನ್ನೇ ಕಲಿಸಿ, ಅದರ ಮೇಲೆ ಪರೀಕ್ಷೆಯ ಪ್ರಶ್ನೆ ತೆಗೆದ ನನಗೆ ಮಾತ್ರ ಹೊಳೆಯಲಿಲ್ಲ. ಕೂಸನ್ನು ಮರೆಯಬೇಕೆಂದು ಒಬ್ಬ ತಾಯಿಯನ್ನು, ಗೋಡೆಗೊಂದು ಕೂಸಿರುವ ದೇಶಕ್ಕೆ ಕರೆದುಕೊಂಡು ಹೊರಟೆ.

ವಿಮಾನ ಹತ್ತುವಾಗಲೇ ಒಂದು ಸೂಚನೆ ಸಿಕ್ಕಿತ್ತು. ವೈನಿಯ ಚೀಲದಿಂದ ಎರಡು ಒಣಕೊಬ್ಬರಿ ಬಟ್ಟಲುಗಳನ್ನು ತಪಾಸಣೆಯವರು ತೆಗೆಸಿದರು. ಎಣ್ಣೆ ಇರುತ್ತದೆ, ಬಿಡುವುದಿಲ್ಲವಂತೆ. ಖಟಕ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಬಿಟ್ಟರಲ್ಲ, ಹೋಗಲಿ ಬಿಡ್ರಿ ಎಂದೆ. ವೈನಿ ಎರಡು ಕೊಬ್ಬರಿ ಬಟ್ಟಲಿಗೆ ಪಡಬೇಕಾದ್ದಕ್ಕಿಂತ ಹೆಚ್ಚು ದುಃಖಪಟ್ಟರು. ಚಟ್ನಿಗೆ ಅಂತ ತಂದಿರಬೇಕು ಎಂದುಕೊಂಡು ನಾನು ಮುಂದೆ ನಡೆದೆ.

ಆ ಊರುಗಳ ಬಗ್ಗೆ ಹೇಳಬೇಕು. ಬಸ್ಸು ನಿಮ್ಮನ್ನು ಗುಡ್ಡದ ಬುಡದಲ್ಲಿ ಇಳಿಸುತ್ತದೆ. ಮೇಲೆ ಕೋಟೆ, ಕೋಟೆಗೊಂದು ಅಗಸಿ ಬಾಗಿಲು, ಅಗಸಿಯೊಳಗೆ ಏರುವ ಕಲ್ಲಿನ ಓಣಿ, ಓಣಿಯ ಕೊನೆಗೆ ಚೌಕ, ಚೌಕಕ್ಕೆ ಒಂದು ದೊಡ್ಡ ಚರ್ಚು. ನಡುವೆ ಚರ್ಮದ ಚೀಲದ ಅಂಗಡಿ, ಪಿಂಗಾಣಿ ಅಂಗಡಿ, ಮತ್ತೆ ಚರ್ಮದ ಚೀಲದ ಅಂಗಡಿ. ಕೆಳಗೆ ನೋಡಿದರೆ ಸುಗ್ಗಿ ಮುಗಿದು ಹರಗಿದ ಹೊಲಗಳು ಗುಡ್ಡದಿಂದ ಗುಡ್ಡಕ್ಕೆ ಮಡಿಕೆ ಮಡಿಕೆಯಾಗಿ ಹೋಗುತ್ತವೆ. ನಾನು ಕ್ಷಿತಿಜ ನೋಡುತ್ತ ನಿಟ್ಟುಸಿರು ಬಿಟ್ಟೆ. ವೈನಿ ಹೆಂಟೆಗಳನ್ನು ನೋಡಿ ಕರೀ ಎರಿ ಮಣ್ಣಲ್ಲ, ಆದರೂ ಹರಗೋದು ಚಲೋ ಹರಗ್ಯಾರ ಎಂದರು.

ಒಂದು ಊರಿನಲ್ಲಿ ಬರೀ ಗೋಪುರಗಳು. ಕಿಟಕಿಯಿಲ್ಲದ, ಉಪಯೋಗವಿಲ್ಲದ, ಎತ್ತರವೊಂದೇ ಗುರಿಯಾದ ಕಲ್ಲಿನ ಗೋಪುರಗಳು. ಹಿಂದಿನ ಕಾಲದ ಶ್ರೀಮಂತ ಮನೆತನಗಳ ನಡುವಿನ ರಾಜಕೀಯ ಪೈಪೋಟಿಯ ಫಲವಿದು ಎಂದು ನಾನು ವಿವರಿಸತೊಡಗಿದೆ. "ಭಾವಕಿಯವರಿರಬೇಕು" ಎಂದರು ವೈನಿ. ನಮ್ಮ ಕಡೆ ಭಾವಕಿಯೆಂದರೆ ಆಸ್ತಿ ಹಂಚಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳು. ಒಬ್ಬ ಎರಡು ಮಹಡಿ ಕಟ್ಟಿದರೆ ಇನ್ನೊಬ್ಬ ಸಾಲ ಮಾಡಿಯಾದರೂ ಮೂರನೆಯದಕ್ಕೆ ಕಬ್ಬಿಣದ ಸಲಾಕೆ ಎಬ್ಬಿಸಿ ಬಿಟ್ಟಿರುತ್ತಾನೆ. ನನ್ನ ವಿವರಣೆ ಇನ್ನೂ ಮೂರು ಭಾಗ ಬಾಕಿಯಿತ್ತು. ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ.

ಚರ್ಚುಗಳಲ್ಲಿ ವೈನಿಯ ಗೌರವ ದೊಡ್ಡದು. ಬಾಗಿಲಲ್ಲಿ ಕಾವಲಿನವರು ತೋಳು ಕಾಣುವ ಅಂಗಿ ತೊಟ್ಟ ಪ್ರವಾಸಿಗಳನ್ನು ತಡೆದು ಕಾಗದದ ಶಾಲು ಹೊದಿಸುತ್ತಿದ್ದರು. ವೈನಿಯ ಇಳಕಲ್ ಸೀರೆಯ ಸೆರಗನ್ನು ನೋಡಿ ದಾರಿ ಬಿಟ್ಟರು. ಆದರೆ ಅವರು ಬಿಟ್ಟರೂ ವೈನಿ ಹೋಗಬೇಕಲ್ಲ, ಚಪ್ಪಲಿ ಕಳಚಿ ಎಲ್ಲಿಡಬೇಕೆಂದು ಹುಡುಕುತ್ತ ನಿಂತರು. ಬೇಡ, ಹಾಕಿಕೊಂಡೇ ಬನ್ನಿ ಎಂದು ಕಾವಲಿನವನು ಕೈಸನ್ನೆ ಮಾಡಿದ. "ಪಾಪ, ಸಂಕೋಚ ಮಾಡಕೊಂಡ" ಎಂದು ಹೇಳಿ ವೈನಿ ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಆ ಥಂಡಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರು. ಮೂರನೆಯ ಊರಿನ ಹೊತ್ತಿಗೆ ನಮ್ಮ ಗುಂಪಿನ ಹೆಂಗಸರೆಲ್ಲ ಹಾಗೇ ಮಾಡತೊಡಗಿದ್ದರು. ನಾನು ಮಾತ್ರ ವಿದ್ಯಾವಂತಳಾದ್ದರಿಂದ ಬೂಟಿನಲ್ಲಿದ್ದೆ. ಕಾಲು ಬೆಚ್ಚಗಿದ್ದವು, ಮನಸ್ಸಿಗೆ ಇರುಸುಮುರುಸು.

ಒಳಗೆ ಗೋಡೆಯ ತುಂಬ ಚಿತ್ರಗಳು. ಹಸಿ ಗಾರೆಯ ಮೇಲೆ ಬರೆದವು ಇವು. ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಗಾರೆ ಬಳಿದುಕೊಂಡು, ಅದು ಒಣಗುವುದರೊಳಗೆ ಬಣ್ಣ ಕೂಡಿಸಿಬಿಡಬೇಕು. ಆಮೇಲೆ ತಿದ್ದಲು ಬರುವುದಿಲ್ಲ. ಸಾರಿಸಿದ ಅಂಗಳ ಹಸಿ ಇರುವಾಗಲೇ ರಂಗೋಲಿ ಹಾಕುವ ನಮ್ಮವರಿಗೆ ಇದು ಹೊಸದೇನಲ್ಲ, ನಮ್ಮದು ಮರುದಿನ ಅಳಿಸುತ್ತದೆ, ಅವರದು ಉಳಿದುಬಿಟ್ಟಿದೆ, ಇಷ್ಟೇ. ಇದನ್ನೆಲ್ಲ ನಾನು ಹೇಳುತ್ತಿದ್ದರೆ ವೈನಿ ಬೇರೆಯದನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದುದು ಕೂಸುಗಳನ್ನು. ತಾಯಿ ಮರಿಯಮ್ಮನ ತೊಡೆಯ ಮೇಲೆ, ತೋಳಿನಲ್ಲಿ, ಎದೆಗೆ ಒರಗಿ, ಊರೂರಿಗೆ, ಗೋಡೆಗೋಡೆಗೆ, ಕೂಸು.

"ಕುತ್ತಿಗಿ ಕೆಳಗ ಕೈ ಕೊಟ್ಟಿಲ್ಲ ನೋಡು" ಎಂದರು ಒಂದು ಕಡೆ. "ಇದು ಬಾಳ ಬಡಕ ಅದ" ಎಂದರು ಇನ್ನೊಂದು ಕಡೆ. ಆ ಕಾಲದ ಚಿತ್ರಗಾರರು ಕೂಸಿಗೆ ದೊಡ್ಡವರ ಮುಖವಿಡುತ್ತಿದ್ದರು, ಅದಕ್ಕೆ ಧಾರ್ಮಿಕ ಕಾರಣವಿದೆ ಎಂದೆ. ಕೂಸು ರಜೆ ಮಂಜೂರು ಮಾಡದ ಹೆಡ್ ಕ್ಲಾರ್ಕಿನಂತೆ ನಮ್ಮನ್ನು ನೋಡುತ್ತಿತ್ತು. "ಇರಲಿ ಬಿಡು. ಹೆಂಗರೆ ಇರಲಿ, ಉಸರಾಡಿಕೋತ ಇದ್ರ ಸಾಕು" ಎಂದರು ವೈನಿ. ಆಮೇಲೆ ನಾನು ಧಾರ್ಮಿಕ ಕಾರಣ ಮುಂದುವರಿಸಲಿಲ್ಲ. ಪಲ್ಲವಿಗೆ ಏನು ಹೇಳಲಿ ಎಂಬ ಚಿಂತೆ ಹತ್ತಿತು.

ಹೀಗೆ ನಾಲ್ಕಾರು ಊರಾದ ಮೇಲೆ ಒಂದು ಚಿಕ್ಕ ಊರು. ಅದರ ಹೆಸರನ್ನು ನಾನು ಸರಿಯಾಗಿ ಹೇಳಲಾರೆ, ತಪ್ಪಾಗಿ ಹೇಳಿದರೆ ನೀವು ಹುಡುಕಲಾರಿರಿ. ಊಟವಾದ ಮೇಲೆ ಉಳಿದವರು ಮೇಲಿನ ಕೋಟೆ ನೋಡಲು ಹೋದರು. ವೈನಿ ಇನ್ನು ಏರುವುದಿಲ್ಲ ಎಂದರು. ಕೋಟೆಯ ಹೊರಗೆ, ಇಳಿಜಾರಿನಲ್ಲಿ, ಒಂದು ಪುಟ್ಟ ಪ್ರಾರ್ಥನಾಮಂದಿರವಿದೆ, ಅದರಲ್ಲಿ ಹಳೆಯ ಚಿತ್ರವೊಂದಿದೆ ಎಂದು ನನ್ನ ಕೈಪಿಡಿ ಒಂದೇ ಸಾಲಿನಲ್ಲಿ ಹೇಳಿತ್ತು. ನಾವಿಬ್ಬರೂ ಅಲ್ಲಿಗೆ ನಡೆದೆವು. ದಾರಿ ತಪ್ಪಿಯೇವೆಂದು ಪ್ರವಾಸದ ಮ್ಯಾನೇಜರ್ ಪಾಟೀಲರು ಜೊತೆಗೆ ಬಂದರು. ಬೆಳಗಾವಿಯ ಕಡೆಯವರು. ಊಟ, ಶೌಚಾಲಯ, ಬಸ್ಸು ಈ ಮೂರು ವಿಷಯದಲ್ಲಿ ಅವರ ಇಟಾಲಿಯನ್ ಚೆನ್ನಾಗಿತ್ತು.

ಬಾಗಿಲಿಗೆ ಬೀಗ. ಎದುರು ಮನೆಯಿಂದ ಏಪ್ರನ್ ಕಟ್ಟಿಕೊಂಡ ವಯಸ್ಸಾದ ಹೆಂಗಸೊಬ್ಬರು ಮೊಳಕೈಯುದ್ದದ ಕೀಲಿ ಹಿಡಿದು ಬಂದು ತೆಗೆದರು. ಒಳಗೆ ನಾಲ್ಕು ಬೆಂಚು, ಒಂದು ಕಿಟಕಿ, ಎದುರು ಗೋಡೆಯ ಮೇಲೆ ಒಬ್ಬಳೇ ಹೆಣ್ಣುಮಗಳು ನಿಂತಿದ್ದಳು. ತೊಡೆಯ ಮೇಲೆ ಕೂಸಿಲ್ಲ, ತೋಳಿನಲ್ಲಿ ಕೂಸಿಲ್ಲ. ಬಣ್ಣ ಮಾಸಿದ ನೀಲಿ ನಿಲುವಂಗಿ. ಮುಂದೆ ಕಟ್ಟುವ ಕಸಿಗಳನ್ನು ಸಡಿಲು ಬಿಟ್ಟಿದ್ದಳು. ಒಂದು ಕೈ ಸೊಂಟದ ಹಿಂದೆ, ಒಂದು ಕೈ ಹೊಟ್ಟೆಯ ಮೇಲೆ. ಕಣ್ಣು ಕೆಳಗೆ.

ವೈನಿ ನಿಂತುಬಿಟ್ಟರು.

"ಶಾರದಾ, ಈಕಿಗೆ ಏಳರಾಗ ಬಿದ್ದದ."

ನಾನು ಗರ್ಭವತಿ ಮರಿಯಮ್ಮನ ಚಿತ್ರಗಳು ಅಪರೂಪವೆಂದೂ, ಮುಂದೆ ಇಂಥವನ್ನು ಕೆಲವೆಡೆ ಮುಚ್ಚಿಸಿದರೆಂದೂ ಹೇಳಲು ಬಾಯಿ ತೆರೆದೆ.

"ಬಾಜೂಕ ಯಾರೂ ಇಲ್ಲಲ್ಲ" ಎಂದರು ವೈನಿ. "ಅವರವ್ವ ಎಲ್ಲಿದ್ದಾಳ? ಕೇಳ್ರಿ ಪಾಟೀಲರ."

ಪಾಟೀಲರಿಗೆ ಇದು ಊಟ, ಶೌಚಾಲಯ, ಬಸ್ಸುಗಳ ಆಚೆಗಿನ ವಿಷಯ. ಆದರೂ 'ಅಮ್ಮ' ಎಂಬುದಕ್ಕೆ ಅಲ್ಲಿಯೂ ಹತ್ತಿರದ ಪದವೇ ಇದೆ. ಕೀಲಿಯ ಹೆಂಗಸು ಕೂಡಲೇ ತಿಳಿದುಕೊಂಡು ಗೋಡೆಯ ಬಲಗಡೆಯ ಅಂಚಿಗೆ ಬೆರಳು ತೋರಿಸಿದರು. ಅಲ್ಲಿ ಥಂಡಿ ಹಿಡಿದು ಗಾರೆ ಉದುರಿತ್ತು. ನಿಟ್ಟಿಸಿ ನೋಡಿದರೆ ಮುದುಕಿಯೊಬ್ಬಳ ತಲೆಯ ಮೇಲಿನ ಸೆರಗಿನಂಥ ಬಟ್ಟೆ, ಅರ್ಧ ಕೆನ್ನೆ, ಎದೆಗೆ ಹಿಡಿದ ಒಂದು ಕೈ. ಉಳಿದದ್ದು ಹೋಗಿತ್ತು. ಅನ್ನಾ, ಮರಿಯಮ್ಮನ ತಾಯಿ, ಎಂದರು ಕೀಲಿಯ ಹೆಂಗಸು.

"ದೂರ ನಿಂತಾಳ" ಎಂದರು ವೈನಿ.

ಆಮೇಲೆ ಬೆಂಚಿನ ಮೇಲೆ ಚೀಲವಿಟ್ಟು, ಚಟ್ನಿಯ ಡಬ್ಬಿ ತೆಗೆದು ಬದಿಗಿಟ್ಟು, ಅದರ ಕೆಳಗಿನಿಂದ ಒಂದು ಗಂಟು ತೆಗೆದರು. ಹಸಿರು ಖಣ. ಅದರೊಳಗೆ ಹಸಿರು ಬಳೆ, ಹಿಡಿ ಅಕ್ಕಿ, ಅಡಿಕೆ, ಉತ್ತತ್ತಿ, ಅರಿಷಿಣದ ಬೇರು, ಕುಂಕುಮದ ಭರಣಿ. ಮಗಳು ಬೇಡವೆಂದ ಮೇಲೂ ತಂದಿಟ್ಟಿದ್ದರು. ಮನೆಯಲ್ಲಿ ಬಿಟ್ಟರೆ ಪಲ್ಲವಿ ಬಂದಾಗ ಕಣ್ಣಿಗೆ ಬಿದ್ದೀತೆಂದು ಹೆದರಿ ಖಂಡ ದಾಟಿಸಿಕೊಂಡು ಬಂದಿದ್ದರು. ಕೊಬ್ಬರಿ ಬಟ್ಟಲಿನ ದುಃಖ ನನಗೆ ಆಗ ಅರ್ಥವಾಯಿತು.

ವೈನಿ ಗೋಡೆಯ ಹತ್ತಿರ ಹೋಗುವಷ್ಟರಲ್ಲಿ ಕೀಲಿಯ ಹೆಂಗಸು ಎರಡೂ ಕೈ ಎತ್ತಿ ಅಡ್ಡ ಬಂದರು. ಮುಟ್ಟಬಾರದು ಎಂಬುದಕ್ಕೆ ಭಾಷೆ ಬೇಕಿಲ್ಲ. "ಮುಟ್ಟಂಗಿಲ್ರಿ ಬಾಯಾರ, ಮಡಿ ನಮಗೂ ಗೊತ್ತದ" ಎಂದು ವೈನಿ ಕನ್ನಡದಲ್ಲೇ ಸಮಾಧಾನ ಹೇಳಿ, ಚಿತ್ರದ ಕೆಳಗಿದ್ದ ಕಲ್ಲಿನ ಕಟ್ಟೆಯ ಮೇಲೆ ಖಣ ಹಾಸಿದರು. ಕುಂಕುಮವನ್ನು ಖಣದ ಅಂಚಿಗೇ ಹಚ್ಚಿದರು. ಕೀಲಿಯ ಹೆಂಗಸು ಇದನ್ನು ಒಂದು ಕ್ಷಣ ನೋಡಿ ಸರಸರ ಹೊರಗೆ ಹೋದರು.

"ಪೊಲೀಸರನ್ನ ಕರೆಯಾಕ ಹೋದ್ರು, ಮೇಡಂ" ಎಂದರು ಪಾಟೀಲರು. ಅವರ ಮುಖದ ಮೇಲೆ ಇಡೀ ಪ್ರವಾಸದ ಮರುಪಾವತಿ ಕಾಣುತ್ತಿತ್ತು.

"ಶಾರದಾ, ಹಾಡು" ಎಂದರು ವೈನಿ. ಹಾಡಿಲ್ಲದೆ ಕುಬಸವಿಲ್ಲ. ಕುಂದಗೋಳದಲ್ಲಿ ಹುಟ್ಟಿದವರಿಗೆ ಸಂಗೀತ ತಾನಾಗಿ ಬರುತ್ತದೆಂಬ ನಂಬಿಕೆ ಹೊರಗಿನವರಲ್ಲಿದೆ. ನಾನು ಆ ನಂಬಿಕೆಗೆ ಎದುರಾಗಿ ಬದುಕಿದವಳು, ಪ್ರಾರ್ಥನೆಯ ಸಮಯದಲ್ಲಿ ಹೆಡ್‌ಮಾಸ್ತರರು ನನ್ನನ್ನು ಮೈಕಿನಿಂದ ದೂರ ನಿಲ್ಲಿಸುತ್ತಿದ್ದರು. ಆದರೆ ಪೊಲೀಸರು ಬರುವುದರೊಳಗೆ ಮುಗಿಸಬೇಕಿತ್ತು. ಬೂಟು ಬಿಚ್ಚಿ, ಕಣ್ಣು ಮುಚ್ಚಿ, ನಮ್ಮ ಅವ್ವ ಹೇಳುತ್ತಿದ್ದ ಆರತಿಯ ಹಾಡು ಹೇಳಿದೆ. ಆ ಗೋಡೆಗಳ ಪ್ರತಿಧ್ವನಿ ನನ್ನ ಸ್ವರವನ್ನು ಆದಷ್ಟು ತಿದ್ದಿ ವಾಪಸು ಕಳಿಸಿತು.

ಕಣ್ಣು ತೆರೆದಾಗ ಕೀಲಿಯ ಹೆಂಗಸು ಮರಳಿ ಬಂದಿದ್ದರು. ಏಪ್ರನ್ನಿನ ತುಂಬ ತಮ್ಮ ಗಿಡದ ಅಂಜೂರ. ಅವುಗಳನ್ನು ಒಂದೊಂದಾಗಿ ಖಣದ ಮೇಲೆ, ಕೊಬ್ಬರಿ ಇರಬೇಕಾದ ಜಾಗದಲ್ಲೇ ಇಟ್ಟರು. ಪಾಟೀಲರಿಗೆ ಏನೇನೋ ಹೇಳಿದರು. ಸುತ್ತಲಿನ ಹಳ್ಳಿಯ ಬಸುರಿಯರು ಈಗಲೂ ಇಲ್ಲಿಗೆ ಬರುತ್ತಾರಂತೆ, ತಾವೂ ಬಂದಿದ್ದರಂತೆ. ಬಾಗಿಲ ಹಿಂದಿನ ಮೊಳೆಗೆ ಬಣ್ಣಗೆಟ್ಟ ರಿಬ್ಬನ್ನುಗಳು ಜೋತುಬಿದ್ದಿದ್ದವು. ಹಸಿರು ಬಳೆಗಳನ್ನು ಅವರೇ ತೆಗೆದುಕೊಂಡು ಅಲ್ಲಿ ಸಿಕ್ಕಿಸಿದರು. ವೈನಿ ಅವರ ಕೈ ಹಿಡಿದುಕೊಂಡು ಅತ್ತರು.

"ಪಲ್ಲೂಗ ಹೇಳಬ್ಯಾಡ" ಎಂದರು ವೈನಿ ಹೊರಗೆ ಬಂದ ಮೇಲೆ. ನಾನು ಹೇಳಲಿಲ್ಲ. ಪಾಟೀಲರು ಅಷ್ಟರಲ್ಲಿ ಫೋಟೋ ತೆಗೆದು ಪ್ರವಾಸದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟಿದ್ದರು. ಸೀಟು ಬಿಟ್ಟುಕೊಟ್ಟರೂ ಗುಂಪು ಬಿಟ್ಟಿರದ ನಮ್ಮಣ್ಣ ಅದನ್ನು ಮಗಳಿಗೆ ಕಳಿಸಿದ.

ಮರುದಿನ ಬಸ್ಸಿನಲ್ಲಿ ಪಲ್ಲವಿಯ ಫೋನ್ ಬಂತು. ವೈನಿಗೆ ಸ್ಪೀಕರ್ ಇಲ್ಲದೆ ಕೇಳುವುದಿಲ್ಲವಾದ್ದರಿಂದ ಇಡೀ ಬಸ್ಸು ಕೇಳಿತು.

"ಅವ್ವಾ, ಅದು ನನಗಂತ ತಂದಿಟ್ಟಿದ್ದ ಖಣ ಅಲ್ಲೇನು?"

"ಹೌದವ್ವ."

"ನಾ ಬ್ಯಾಡ ಅಂದಿದ್ದೆ."

"ನಿನಗ ಹಾಕಿಲ್ಲಲ್ಲವ್ವ. ಆಕಿಗೂ ಏಳರಾಗಿತ್ತು. ಯಾರೂ ಇರಲಿಲ್ಲ ಬಾಜೂಕ. ಅವರವ್ವ ಅಷ್ಟು ದೂರ ನಿಂತಿದ್ದಳು..."

ಅಷ್ಟರಲ್ಲಿ ಬಸ್ಸು ಸುರಂಗ ಹೊಕ್ಕಿತು, ಫೋನ್ ಕಟ್ಟಾಯಿತು. ಆ ದೇಶದಲ್ಲಿ ಗುಡ್ಡಗಳು ಬಹಳ, ಅವನ್ನು ಕೊರೆದ ಸುರಂಗಗಳೂ ಬಹಳ. ವೈನಿ ಕತ್ತಲಲ್ಲಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮಗಳನ್ನು ನೋಯಿಸಿಬಿಟ್ಟೆ, ಇನ್ನು ಬಾಣಂತನಕ್ಕೂ ಕರೆಯುವುದಿಲ್ಲ ಎಂದು ಅವರು ಯೋಚಿಸುತ್ತಿದ್ದಾರೆಂದು ನನಗೆ ಕೇಳದೆಯೇ ತಿಳಿಯಿತು. ಬೆಳಕು ಬಂದಾಗ ಫೋನ್ ಮತ್ತೆ ರಿಂಗಾಯಿತು.

"ಒಂಬತ್ತರಾಗ ಮಾಡಲಿಕ್ಕೆ ಬರ್ತದೇನು?" ಎಂದಳು ಪಲ್ಲವಿ.

"ಏನು?"

"ನಂದು. ಮಂದಿ ಬ್ಯಾಡ. ಫೋಟೋ ಬ್ಯಾಡ. ಮತ್ತ ಖಣ ಹೊಸಾದು ತಗೋ."

ಆಮೇಲೆ ನೋಡಿದ ಕಲಾನಗರಗಳ ಬಗ್ಗೆ ನನ್ನಲ್ಲಿ ಬರೆಯುವಂಥದ್ದು ಏನೂ ಇಲ್ಲ. ಒಂದರಲ್ಲಿ ಹೆಸರಾಂತ ಚೌಕವಿತ್ತು, ಒಂದರಲ್ಲಿ ಹೆಸರಾಂತ ಬಾಗಿಲಿತ್ತು. ಎರಡರಲ್ಲೂ ನಾವು ಹಸಿರು ಗಾಜಿನ ಬಳೆ ಹುಡುಕಿದೆವು. ಸಿಗಲಿಲ್ಲ. ಊರಿಗೆ ಬಂದು ಕುಂದಗೋಳದ ಸಂತೆಯಲ್ಲಿ ಇಳಿದ ಅರ್ಧ ಗಳಿಗೆಯಲ್ಲಿ ಸಿಕ್ಕವು.

ಒಂಬತ್ತರಲ್ಲಿ ಕುಬಸವಾಯಿತು. ಪಲ್ಲವಿ ಮಣೆಯ ಮೇಲೆ ಕೂತಳು. ಅಳಿಯ ಅಡುಗೆಮನೆಯಲ್ಲಿ ಚಹಾ ಕಾಸುತ್ತಿದ್ದ. ಅಣ್ಣ ಪಡಸಾಲೆಯಲ್ಲಿ ಪೇಪರು ತಲೆಕೆಳಗಾಗಿ ಹಿಡಿದಿದ್ದ. ಹಿಂದಿನ ಸಲ ಎಲ್ಲರನ್ನೂ ಸರಿಸಿ ಮುಂದೆ ನಿಂತಿದ್ದ ವೈನಿ ಈ ಸಲ ತಟ್ಟೆ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿ ನಿಂತುಬಿಟ್ಟರು. ಸೆರಗು, ಅರ್ಧ ಕೆನ್ನೆ, ಎದೆಗೆ ಹಿಡಿದ ಒಂದು ಕೈ.

"ಅಲ್ಲೇ ಯಾಕ ನಿಂತಿ ಅವ್ವಾ? ಬಾ" ಎಂದಳು ಪಲ್ಲವಿ.

ವೈನಿ ಬಂದು ಉಡಿ ತುಂಬಿದರು. ನಾನು ಹಾಡಿದೆ. ನಮ್ಮ ಮನೆಯ ಗೋಡೆಗಳಿಗೆ ತಿದ್ದುವ ಅಭ್ಯಾಸವಿಲ್ಲದ್ದರಿಂದ ಹಾಡು ಹೇಗಿತ್ತೋ ಹಾಗೇ ಕೇಳಿಸಿತು. ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಕೆ ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಥಂಡಿಯ ದಿನಗಳಲ್ಲಿ ಹೆಣ್ಣು ಕೂಸು ಹುಟ್ಟಿತು. ಕುತ್ತಿಗೆಯ ಕೆಳಗೆ ಕೈ ಕೊಟ್ಟೇ ಎತ್ತಿಕೊಳ್ಳುತ್ತೇವೆ. ಈಗ ಮನೆಯ ತುಂಬ ಅಜವಾನದ ಹೊಗೆ, ಎಣ್ಣೆ, ಬಿಸಿನೀರು. ಮೊನ್ನೆ ವೈನಿ ಬಾಣಂತಿಗೆ ಅಂಟಿನ ಉಂಡಿ ಕಟ್ಟುತ್ತಿದ್ದರು, ನಾನು ಉತ್ತತ್ತಿಯ ಬೀಜ ತೆಗೆಯುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದರು:

"ಶಾರದಾ, ನೀ ಎಲ್ಲಾ ಓದಿದಾಕಿ. ಆ ಗ್ವಾಡಿ ಮ್ಯಾಲಿದ್ದಾಕಿದು ಬಾಣಂತನ ಯಾರು ಮಾಡಿದ್ರು?"

ನಾನು ಓದಿದವಳು. ಪರವೂರಿನಲ್ಲಿ, ಇಳಿಯಲು ಜಾಗ ಸಿಗದೆ, ದನದ ಕೊಟ್ಟಿಗೆಯಲ್ಲಿ ಹೆರಿಗೆಯಾಯಿತು ಎಂದು ನನಗೆ ಗೊತ್ತು. ಬಿಸಿನೀರಿಲ್ಲ, ಎಣ್ಣೆಯಿಲ್ಲ, ತವರಿನವರು ಯಾರೂ ಹತ್ತಿರವಿಲ್ಲ. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

"ಅವರವ್ವ ಅಲ್ಲೇ ಇದ್ದಳಲ್ರಿ ವೈನಿ, ನಾವೇ ನೋಡೇವಿ" ಎಂದೆ.

"ಹೌದಲ್ಲ" ಎಂದು ವೈನಿ ಮತ್ತೆ ಉಂಡಿ ಕಟ್ಟತೊಡಗಿದರು.